ತಲೆಗೆ ಬಡಿಸಿದ ಹೂರಣ

ತೆಳ್ಳಗಾಗಲು ಡಾಕ್ಟರ ಕೈಲಿ ಹೊಟ್ಟೆ ಕತ್ತರಿಸಿ ನಿಂಬೆಹಣ್ಣಿನಷ್ಟು ಮಾಡಿಸಿಕೊಳ್ಳದವರು ಹುಬ್ಬಳ್ಳಿಯಲ್ಲಿ ಈಗ ಯಾರೂ ಉಳಿದಿರಲಿಲ್ಲ. ಹಾಗಾಗಿ ಮದುವೆಯ ಪಂಕ್ತಿಯಲ್ಲಿ ಬಾಯಿಗೆ ಒಂದು ಚಮಚ, ಉಳಿದದ್ದೆಲ್ಲ ಊಟ ಸಾಲದೆ ಒಣಗಿ ನಾರಾದ ಕೂದಲಿಗೆ ಎನ್ನುವುದೇ ಮರ್ಯಾದೆಯಾಗಿತ್ತು.

"ಇನ್ನೊಂದು ಸೌಟು ಹಚ್ಕೋರಿ, ಸಂಕೋಚ ಮಾಡಬ್ಯಾಡ್ರಿ" ಎನ್ನುತ್ತ ಬಡಿಸುವವರು ಹೂರಣ ತಂದರು. ಕಸ್ತೂರಿ ತಲೆ ಬಾಗಿಸಿ ಹಾಕಿಸಿಕೊಂಡಳು. ಪಕ್ಕದಲ್ಲಿದ್ದ ನಾದಿನಿ ದಾಕ್ಷಾಯಣಿಯ ಬೈತಲೆಯಿಂದ ಮೊಸರು, ತುಪ್ಪ ಧಾರಾಕಾರವಾಗಿ ಇಳಿಯುತ್ತಿದ್ದವು. ಆದರೂ ಅವಳು ಕೈಯಾಡಿಸಿದಲ್ಲೆಲ್ಲ ಕೂದಲು ಪಟಪಟನೆ ಮುರಿಯುತ್ತಿತ್ತು.

"ವೈನಿ, ಎಲ್ಲಾರೂ ಹಚ್ಚೂದು ಇದನ್ನ. ನಿಮ್ಮ ಜಡಿ, ನಮ್ಮವ್ವನ ಜಡಿ ಮಾತ್ರ ಹ್ಯಾಂಗ ಉಳದಾವು?"

"ನಿಮ್ಮವ್ವಂದು ನನಗ ಗೊತ್ತಿಲ್ಲ. ನಾ ಮಾತ್ರ ತೊಳಕೊಳ್ಳಾಕ ಗಡಬಡ ಮಾಡಂಗಿಲ್ಲ, ನೋಡು" ಎಂದಳು ಕಸ್ತೂರಿ.

ಪಂಕ್ತಿ ಎದ್ದದ್ದೇ ತಡ, ತಲೆಯ ಮೇಲಿನದನ್ನು ಎಂದಿನಂತೆ ಗುಟ್ಟಾಗಿ, ಚೂರುಚೂರೇ ತಿನ್ನಲು ಅವಳು ಬಚ್ಚಲಿಗೆ ಓಡಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ತಟ್ಟಿದಳು.

"ತಡೀಯವ್ವಾ, ತಲಿ ತೊಳಕೊಳ್ಳಾಕತ್ತೀನಿ" ಎಂದಿತು ಅತ್ತೆಯ ದನಿ, ಬಾಯಿ ತುಂಬಿಕೊಂಡು.

ಒಳಗೆ ನೀರಿನ ಸದ್ದೇ ಇರಲಿಲ್ಲ.