ಎರೆದ ನೀರು

ಮಲ್ಲಣ್ಣ ಕೆಂಪು ಕಾಬಾಳೆ ಹೂವಿಗೆ ಕೈ ಹಾಕಿದಾಗ ಮಗಳು ವನಜಾ ತಡೆದಳು. "ಅಪ್ಪಾ, ಅವ್ವನ ಫೋಟೋಕ್ಕ ಇವು ಬ್ಯಾಡ. ಹೊಲಸು ನೀರಿನ ಹೂವು ಅಂತ ಆಕಿ ಎಂದೂ ಮನಿಯೊಳಗ ತರಗೊಟ್ಟಿಲ್ಲ."

ನಿಜವೇ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಕಾರ್ಖಾನೆ ಕಾಲೊನಿಯ ಬಚ್ಚಲ ನೀರೆಲ್ಲ ಈ ಜಲ್ಲಿಕಲ್ಲಿನ ಮಡಿಗೇ ಬಂದು, ಕಾಬಾಳೆಯ ಬೇರುಗಳ ನಡುವೆ ಸೋಸಿ ತಿಳಿಯಾಗುತ್ತಿತ್ತು. ಅದನ್ನು ನೋಡಿಕೊಳ್ಳುವುದೇ ಮಲ್ಲಣ್ಣನ ಕೆಲಸ. ಸಂಜೆ ಅದೇ ಕಾಲೊನಿಯ ಮನೆಗೆ ಹೋದರೆ ಹೆಂಡತಿ ಶರಣಬಸಮ್ಮ ಹೊಸ್ತಿಲಾಚೆಯೇ ನಿಲ್ಲಿಸಿ ಕಾಲಿಗೆ ನೀರು ಹಾಕುತ್ತಿದ್ದಳು.

ಅವನು ಹೂವಿನ ದಂಟು ಬಿಡಲಿಲ್ಲ. ಮಡಿಗೆ ನೀರು ಬರುವ ಕಾಲುವೆಯನ್ನೇ ನೋಡುತ್ತ ಮೆಲ್ಲಗೆ ಅಂದ: "ಮೊನ್ನೆ ಅರಿಷಿಣ ಹಚ್ಚಿ ನಿಮ್ಮವ್ವಗ ಕಡೀ ನೀರು ಎರದ್ರಲ್ಲ, ಅವೂ ಇಲ್ಲಿಗೇ ಬಂದ್ವು ಯವ್ವಾ. ಹಳದಿ ಆಗಿದ್ವು. ನಾನೇ ಒಳಗ ಬಿಟ್ಕೊಂಡೆ."

ವನಜಾ ಹೂವಿನ ಕೆಳಗೆ ಸೆರಗೊಡ್ಡಿ ನಿಂತಳು.