ತೊಗರಿ ಕಟ್ಟಿಗೆಯ ಬಣವೆ

ತೊಗರಿ ಕಟ್ಟಿಗೆ ಸುಟ್ಟ ವಾಸನೆ ಬಂದರೆ ಈಗಲೂ ನನಗೆ ರಾಜೇಶ್ವರದ ನಮ್ಮ ಹಿತ್ತಲು ನೆನಪಾಗುತ್ತದೆ.

ಮುಂಗುಸಿ ಕೋಳಿಮೊಟ್ಟೆ ಕದಿಯುತ್ತದೆಂದು ಪಕ್ಕದ ಮನೆಯ ಕಾಕಾ, ಅದು ಮರಿ ಹಾಕಿದ್ದ ತನ್ನ ಬಣವೆಗೇ ಬೆಂಕಿ ಇಟ್ಟಿದ್ದ. ತಾಯಿ ಮುಂಗುಸಿ ಮಾತ್ರ ನಮ್ಮ ಕಡೆ ಓಡಿ ಬಂದಿತ್ತು. ಅಜ್ಜಿ ಅದಕ್ಕೆಂದೇ ಹಿತ್ತಲಲ್ಲಿ ಬೇರೆ ಬಣವೆ ಒಟ್ಟಿದಳು, ಒಡಕು ಗಡಿಗೆಯಲ್ಲಿ ನೀರಿಟ್ಟಳು. ಒಲೆ ಆರಿದರೂ ಆ ಬಣವೆಯ ಒಂದು ಕಡ್ಡಿಯನ್ನೂ ಎಳೆಯಲು ಅವ್ವನಿಗೆ ಬಿಡಲಿಲ್ಲ.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಕಾಕಾ ನಡುಗೋಡೆಯ ಆಚೆಯಿಂದ ಕೂಗಿದ.

“ದೊಡ್ಡವ್ವಾ, ಕೋಳಿಗೂಡಿನಾಗ ನಾಗರಹಾವು ಹೊಕ್ಕದರಿ! ಏನ್ ಮಾಡ್ಲಿ?”

ಅಜ್ಜಿ ತಲೆ ಎತ್ತಲಿಲ್ಲ. ಗಡಿಗೆಗೆ ನಿಧಾನವಾಗಿ ನೀರು ಸುರಿಯುತ್ತ ಹೇಳಿದಳು.

“ನೀ ಮರಿ ಸುಟ್ಟಿಯಲ್ಲ, ಅವುಗಳ ತಾಯಿ ಇಲ್ಲೇ ಅದ. ಕರದು ನೋಡಪ್ಪಾ, ಬಂದ್ರ ಕರ್ಕೊಂಡು ಹೋಗು.”