ಬ್ರೇಕ್ ಹಾಕದವನ ಕಾರು

ಹಗ್ಗ ದಾಟಿ ಬಂದ ಹೆಂಗಸು ರೇಸ್ ಕಾರಿನೊಳಗೆ ತಲೆ ತೂರಿಸಿ ಏನೋ ಹುಡುಕುತ್ತಿದ್ದಳು. ಮ್ಯೂಸಿಯಮ್ಮಿನ ವರ್ಕ್‌ಶಾಪಿನಲ್ಲಿ ಈ ಹಳೆಯ ಕಾರುಗಳನ್ನು ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ಸಾಕುತ್ತಿದ್ದ ಮೇಸ್ತ್ರಿಗೆ ಮೈಯೆಲ್ಲ ಉರಿಯಿತು.

"ರೀ ಅಮ್ಮ! ಮುಟ್ಟಬಾರದು ಅಂತ ಇಷ್ಟು ದಪ್ಪಕ್ಕೆ ಬರೆದಿದೀವಲ್ಲ, ಕಾಣಲ್ವಾ?"

"ಕಾಣತ್ತೆ. ಅದರ ಪಕ್ಕದಲ್ಲಿ ಬರೆದಿರೋದೂ ಕಾಣತ್ತೆ," ಎಂದಳು ಆಕೆ. ಅರವತ್ತರ ಆಸುಪಾಸಿನವಳು. ಬೆರಳು ಕಾರಿನ ಮುಂದಿದ್ದ ಫಲಕದತ್ತ ಹೋಯಿತು: 'ತಿರುವಿನಲ್ಲಿ ಚಾಲಕ ಬ್ರೇಕ್ ಹಾಕದೆ ದುಡುಕಿದ್ದರಿಂದ ಅಪಘಾತಕ್ಕೀಡಾದ ಕಾರು.' "ಆ ದುಡುಕಿದವರು ನಮ್ಮಪ್ಪ."

ಮೇಸ್ತ್ರಿಯ ಸಿಟ್ಟು ಅಲ್ಲೇ ತಣ್ಣಗಾಯಿತು. ಆಕೆ ಮಾತ್ರ ಬಿಡಲಿಲ್ಲ.

"ಬ್ರೇಕ್ ಹಾಕಿದೆ, ಕಾರು ನಿಲ್ಲಲಿಲ್ಲ ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು. ಅವತ್ತೇ ಪರೀಕ್ಷೆ ಮಾಡಿದೋರು ಬ್ರೇಕ್ ಚೆನ್ನಾಗೇ ಇದೆ ಅಂದ್ರಂತೆ. ಆಮೇಲೆ ಯಾರೂ ಅವರ ಕೈಗೆ ರೇಸ್ ಕಾರು ಕೊಡಲಿಲ್ಲ. ಲಾರಿ ಓಡಿಸಿ ನಮ್ಮನ್ನ ಸಾಕಿದ್ರು. ಒಂದಿನ ನಾನೂ ಮುಖಕ್ಕೇ ಹೇಳಿಬಿಟ್ಟೆ, 'ಸಾಕು ಸುಮ್ನಿರಪ್ಪ, ಎಷ್ಟು ದಿನ ಅದೇ ಸುಳ್ಳು ಹೇಳ್ತೀಯ' ಅಂತ. ಆಮೇಲೆ ನನ್ನ ಮುಂದೆ ಮಾತ್ರ ಆ ಮಾತು ಎತ್ತಲೇ ಇಲ್ಲ ಅವರು. ನಿಜ ಹೇಳಿ ಮೇಸ್ತ್ರಿ, ಇದರ ಬ್ರೇಕ್ ಕೆಟ್ಟಿತ್ತಾ?"

ಸುಳ್ಳು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಕಾರಿನ ವಿಷಯದಲ್ಲಿ ಸುಳ್ಳು ಹೇಳಲು ಮೇಸ್ತ್ರಿಗೆ ನಾಲಿಗೆ ಏಳುತ್ತಿರಲಿಲ್ಲ. "ಇಲ್ಲಮ್ಮ. ಪೂರ್ತಿ ಬಿಚ್ಚಿ ನೋಡಿದೀನಿ. ಏನೂ ದೋಷ ಇರಲಿಲ್ಲ."

ಆಕೆಯ ಮುಖ ಇಳಿದುಹೋಯಿತು. ಬ್ಯಾಗನ್ನು ಹೆಗಲಿಗೇರಿಸಿ ಹೊರಟೇಬಿಟ್ಟಳು. ಆದರೆ ಮೇಸ್ತ್ರಿಯ ತಲೆಯಲ್ಲಿ ಹುಳ ಹೊಕ್ಕಿತ್ತು. ಸಾಯುವವರೆಗೆ ಒಂದೇ ಸುಳ್ಳನ್ನು ಯಾರು ತಾನೇ ಹೇಳುತ್ತಾರೆ?

"ಒಂದ್ನಿಮಿಷ ಇರಿ. ಇದು ನಿಮ್ಮಪ್ಪನದೇ ಕಾರಾ?"

"ಅಲ್ಲ. ಅವರದು ಅವತ್ತು ಬೆಳಗ್ಗೆ ಕೆಟ್ಟುಹೋಗಿತ್ತು. ಇದು ಸ್ನೇಹಿತರದು. ಅದೇ ಮೊದಲ ಸಲ ಹತ್ತಿದ್ದು."

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಅಯ್ಯೋ, ನಮಗೆ ಇದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ ಹೇಳಬೇಕು ಅಂತಾನೇ ಹೊಳೆಯಲ್ಲ! ಬನ್ನಿ, ಒಳಗೆ ಕೂತ್ಕೊಳ್ಳಿ. ನಿಮಗೆ ಕಾರು ಓಡಿಸಕ್ಕೆ ಬರುತ್ತಾ?"

"ಮೂವತ್ತು ವರ್ಷದಿಂದ ಓಡಿಸ್ತಿದೀನಿ."

ಹಿಂದಿನ ಚಕ್ರಗಳು ನೆಲ ಬಿಟ್ಟು ಸ್ಟ್ಯಾಂಡಿನ ಮೇಲಿದ್ದವು. ಆಕೆ ಹೇಗೋ ಮೈ ಹಿಡಿಮಾಡಿಕೊಂಡು ಒಳಗೆ ಇಳಿದಳು. ಮೇಸ್ತ್ರಿ ಬಗ್ಗಿ ಪೆಡಲುಗಳನ್ನು ತೋರಿಸಿದ. "ನಿಮ್ಮ ಕಾರಲ್ಲಿ ಮಧ್ಯದ್ದು ಬ್ರೇಕು, ಬಲತುದೀದು ಆಕ್ಸಿಲರೇಟರ್. ಇದರಲ್ಲಿ ಉಲ್ಟಾ. ಮಧ್ಯದ್ದು ಆಕ್ಸಿಲರೇಟರ್, ಬಲತುದೀದು ಬ್ರೇಕು. ಆ ಕಾಲದ ಕೆಲವು ರೇಸ್ ಕಾರು ಹೀಗೇ ಇದ್ವು."

"ಅದು ಅಪ್ಪನಿಗೆ ಗೊತ್ತಾಗಿರಲ್ವಾ? ಕಾರು ಹೊರಟ ಕೂಡಲೇ ತಿಳಿಯುತ್ತಲ್ಲ!"

"ಗೊತ್ತಿತ್ತು. ಈಗ ನಿಮಗೂ ಗೊತ್ತು. ಎಲ್ಲಿ, ಬ್ರೇಕ್ ಹಾಕಿ."

ಮೇಸ್ತ್ರಿ ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದ. ಆಕೆ ಬಲತುದಿಯ ಪೆಡಲು ಒತ್ತಿದಳು, ಚಕ್ರ ಗಕ್ಕನೆ ನಿಂತಿತು. ಮೂರು ಸಲ ತಿರುಗಿಸಿದ, ಮೂರು ಸಲವೂ ನಿಲ್ಲಿಸಿದಳು. ಇದೇನು ಮಹಾ ಎಂಬಂತೆ ಮೂಗು ಮುರಿದಳು ಕೂಡ.

ಮೇಸ್ತ್ರಿ ನಾಲ್ಕನೆಯ ಸಲ ಚಕ್ರ ತಿರುಗಿಸಿ, ಲೋಕಾಭಿರಾಮವಾಗಿ ಕೇಳಿದ. "ಮನೇಲಿ ಎಷ್ಟು ಜನ ಇದೀರಿ?"

"ನಾನು, ನಮ್ಮೆಜಮಾನ್ರು, ಆಮೇಲೆ ಸೊ—"

ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿಗೆ ಮೇಸ್ತ್ರಿ ಜಾಡಿಸಿ ಒದ್ದ. ವರ್ಕ್‌ಶಾಪೆಲ್ಲ ಢಣಾರೆಂದಿತು. "ಬ್ರೇಕ್! ಬ್ರೇಕ್ ಹಾಕಿ!" ಎಂದು ಕಿರುಚಿದ.

ಆಕೆ ಬೆಚ್ಚಿಬಿದ್ದು ಸ್ಟೀರಿಂಗನ್ನು ಅವುಚಿ ಹಿಡಿದಳು. ಚಕ್ರ ತಿರುಗುತ್ತಲೇ ಇತ್ತು.

"ಹಾಕ್ರಮ್ಮ ಬ್ರೇಕ್!"

"ಹಾಕಿದೀನಲ್ರೀ! ನಿಮ್ಮ ಬ್ರೇಕೇ ಹಿಡೀತಿಲ್ಲ!"

"ಕಾಲು ನೋಡ್ಕೊಳ್ಳಿ."

ಆಕೆ ಬಗ್ಗಿ ನೋಡಿದಳು. ಅವಳ ಬಲಗಾಲು ಮಧ್ಯದ ಪೆಡಲನ್ನು ತಳಮುಟ್ಟ ಒತ್ತಿ ಹಿಡಿದಿತ್ತು.

ಮೇಸ್ತ್ರಿಗೆ ತಾನು ಗೆದ್ದೆನೆಂಬ ಖುಷಿಯೇನೂ ಆಗಲಿಲ್ಲ. ಆಕೆ ಇನ್ನೂ ಕಾಲು ತೆಗೆಯದೆ ಆ ಪೆಡಲನ್ನೇ ನೋಡುತ್ತಿದ್ದಳು.

"ಹೆದರಿದಾಗ ಯಾರಿಗಾದ್ರೂ ಹೀಗೇ ಆಗೋದು, ಬೇಜಾರು ಮಾಡ್ಕೋಬೇಡಿ," ಎಂದು ಮತ್ತೆ ಚಕ್ರಕ್ಕೆ ಕೈಹಾಕಿದ. "ಇನ್ನೊಂದು ಸಲ ನೋಡೋಣ. ಈ ಸಲ ಸರಿಯಾಗೇ ಹಾಕ್ತೀರಿ."

"ಬೇಡ ಮೇಸ್ತ್ರಿ," ಎಂದಳು ಆಕೆ. "ಅಪ್ಪನಿಗೆ ಯಾರೂ ಇನ್ನೊಂದು ಸಲ ಅನ್ನಲಿಲ್ಲ."